ಗುರುಬಸವ್ವನ ಊದುಗೊಳವೆ

ಹಾಸಗಲ್ಲು ಪಟ್ಟಣದಲ್ಲಿ ಕಡ್ಡಿ ಗೀರಿದರೆ ಬೆಂಕಿ ಹತ್ತುತ್ತಿರಲಿಲ್ಲ. ಮಳೆಯಲ್ಲಿ ನೆಂದ ಕಡ್ಡಿಯ ಮಾತಲ್ಲ ಇದು. ಏಳು ಬೇಸಿಗೆಯ ಬಿಸಿಲು ಕುಡಿದು, ಈಗ ಉರಿದೇನು, ಇನ್ನೊಂದು ಗಳಿಗೆಗೆ ಉರಿದೇನು ಎಂದು ಪೆಟ್ಟಿಗೆಯೊಳಗೇ ಚಡಪಡಿಸುತ್ತಿದ್ದ ಕಡ್ಡಿಯನ್ನು ಗೀರಿದರೂ ಅದರ ಮದ್ದು ಉದುರುತ್ತಿತ್ತೇ ಹೊರತು ಜ್ವಾಲೆ ಏಳುತ್ತಿರಲಿಲ್ಲ. ಆ ಊರಿನ ಬಂಡೆಯ ಮೇಲೆ ಬೇಸಿಗೆಯಲ್ಲಿ ಕಾಗೆ ಕೂತರೆ ಹುರಿದ ಕಾಗೆಯಾಗಿ ಏಳುತ್ತಿತ್ತು. ಅಂಥ ಊರಿನಲ್ಲಿ ಒಂದು ಬೀಡಿ ಹಚ್ಚುವಷ್ಟು ಬೆಂಕಿ ಹುಟ್ಟುತ್ತಿರಲಿಲ್ಲ, ನೋಡಿ.

ಕಾರಣ ತಣಿಗೋಪುರ. ಊರಿನ ನಡುವಿನ ಗುಡ್ಡದ ಮೇಲೆ ಅದು ಎಷ್ಟು ಎತ್ತರಕ್ಕೆ ನಿಂತಿತ್ತೆಂದರೆ ಅದರ ತುದಿಗೆ ಸಿಕ್ಕಿಕೊಂಡ ಗಾಳಿಪಟ ಇಳಿದು ಬರುವಷ್ಟರಲ್ಲಿ ಅದನ್ನು ಹಾರಿಸಿದ ಹುಡುಗನಿಗೆ ಮೀಸೆ ಬಂದಿರುತ್ತಿತ್ತು. ಎಡೆದೊರೆ ಗಣರಾಜ್ಯ ಅಂತಃಕಲಹದಿಂದ ಎದ್ದು ಬಂದ ಮೇಲೆ ಕಟ್ಟಿದ ಗೋಪುರ ಅದು. ಎದ್ದು ಬಂತು ಎನ್ನುವುದೂ ದೊಡ್ಡ ಮಾತೇ, ತೆವಳಿ ಬಂತು. ಒಂದು ಸರ್ಕಾರದ ಪ್ರಮಾಣವಚನದ ಹಾರ ಬಾಡುವ ಮುಂಚೆಯೇ ಹೂವಾಡಗಿತ್ತಿ ಇನ್ನೊಂದು ಸರ್ಕಾರಕ್ಕೆ ಹಾರ ಕಟ್ಟಲು ಕೂರುತ್ತಿದ್ದಳು. ಇಂಥ ರಾಜ್ಯವನ್ನು ಕಾಯಲು ಸೈನ್ಯ ಸಾಕುವುದು ಯಾರಿಗೂ ಆಗುವ ಕೆಲಸವಾಗಿರಲಿಲ್ಲ. ಅದಕ್ಕೇ ಯಾರೋ ಬುದ್ಧಿವಂತರು ಹೇಳಿದರು: ಬಂದೂಕುಗಳನ್ನು ಹಿಡಿಯುವುದು ಯಾಕೆ? ಬಂದೂಕು ಹಾರದ ಹಾಗೆ ಮಾಡಿಬಿಡೋಣ.

ಬೆಂಕಿ ಹುಟ್ಟುವುದು ಬೇರೆ, ಬೆಂಕಿ ಬಾಳುವುದು ಬೇರೆ. ಹುಟ್ಟುವ ಕ್ಷಣದಲ್ಲಿ ಅಣುಗಳು ಒಡೆದು ತುಣುಕಾಗುತ್ತವೆ. ಒಂದು ತುಣುಕು ಎರಡನ್ನು ಒಡೆದು, ಎರಡು ನಾಲ್ಕನ್ನು ಒಡೆದು, ಕಣ್ಣು ಮಿಟುಕಿಸುವುದರೊಳಗೆ ಕೋಟಿಗಟ್ಟಲೆಯಾದರೆ ಅದೇ ಜ್ವಾಲೆ. ಗೋಪುರದಿಂದ ಹೊರಡುವ ಅಲೆ ಆ ಮೊದಲ ತುಣುಕುಗಳನ್ನು ಕೂಸಿದ್ದಾಗಲೇ ಹಿಡಿದು ಮತ್ತೆ ಅಂಟಿಸಿಬಿಡುತ್ತಿತ್ತು. ಕಡ್ಡಿ, ಲೈಟರು, ಇಂಜಿನಿನ ಕಿಡಿ, ತೋಟಾದ ಹಿಂಬದಿಯ ಕೇಪು ಎಲ್ಲವೂ ಸತ್ತ ಹಾಗೆ. ಆದರೆ ಆಗಲೇ ಉರಿಯುತ್ತಿರುವ ಕೆಂಡಕ್ಕೆ ಅದು ಏನೂ ಮಾಡಲಾರದು. ಕೆಂಡದಿಂದ ಕಟ್ಟಿಗೆ ಹತ್ತುತ್ತಿತ್ತು, ಒಲೆಯಿಂದ ಒಲೆ ಹತ್ತುತ್ತಿತ್ತು.

ಹಾಗಾಗಿ ದಿನಾ ಬೆಳಿಗ್ಗೆ ಗಂಟೆ ಬಾರಿಸಿ, ಊರಬಾಗಿಲು ಮುಚ್ಚಿ, ಒಂದು ಗಳಿಗೆ ಗೋಪುರದ ಅಲೆ ನಿಲ್ಲಿಸುತ್ತಿದ್ದರು; ಗೋಪುರ ಇಳಿಸುವುದು ಎಂದರೆ ಇದೇ. ಅದಕ್ಕೆ ಒಲೆಹೊತ್ತು ಎಂದು ಹೆಸರು. ಆಗ ಹಚ್ಚಿದ ಒಲೆಯನ್ನು ಬೆರಣಿ ಕುಳ್ಳು ಮುಚ್ಚಿ ಮರುದಿನದವರೆಗೆ ಕಾಪಾಡಬೇಕು. ಆರಿತೋ, ಚಿಪ್ಪು ಹಿಡಿದು ಪಕ್ಕದ ಮನೆಗೆ ಹೋಗಬೇಕು. ಬಂದವರಿಗೆ ಕೆಂಡ ಇಲ್ಲ ಅನ್ನಬಾರದು. ಹೆಣ್ಣು ಕೊಡುವುದಿಲ್ಲ ಅನ್ನಬಹುದು, ಹೆಣಕ್ಕೆ ಹೆಗಲು ಕೊಡುವುದಿಲ್ಲ ಎಂದೂ ಅನ್ನಬಹುದು. ಕೆಂಡ ಇಲ್ಲ ಅಂದವನ ಮನೆಯ ಮುಂದೆ ಬೀದಿನಾಯಿಯೂ ಮಲಗುತ್ತಿರಲಿಲ್ಲ.

ಆ ಗೋಪುರವನ್ನು ಇಳಿಸುವ, ಏರಿಸುವ ಹಿಡಿ ಇದ್ದದ್ದು ಮಹಾನಂದಾ ಹೊಸೂರಳ ಕೈಯಲ್ಲಿ. ನಿಯಂತ್ರಣ ಕೋಣೆಯ ಇಂಜಿನಿಯರು. ಅವಳ ಗಂಡ ರುದ್ರಮುನಿ ಶಸ್ತ್ರಾಗಾರದ ಕಾವಲುಗಾರರ ನಾಯಕ. ತಮಾಷೆ ಏನೆಂದರೆ, ಗಂಡ ಕಾಯುತ್ತಿದ್ದ ಬಂದೂಕುಗಳು ಹಾರದ ಹಾಗೆ ಹೆಂಡತಿ ಕಾಯುತ್ತಿದ್ದಳು. ಇಬ್ಬರನ್ನೂ ಕಾಯುತ್ತಿದ್ದವಳು ರುದ್ರಮುನಿಯ ಅವ್ವ ಗುರುಬಸವ್ವ. ಅವಳ ಬಾಯನ್ನು ಮಾತ್ರ ಯಾವ ಗೋಪುರವೂ ತಣಿಸಿರಲಿಲ್ಲ.

ಕಷ್ಟ ಶುರುವಾದದ್ದು ಕಂಬಳಿ ದಂಡಿನಿಂದ. ಬೆಟ್ಟದ ಮೇಲೆ ಕರಿಕಂಬಳಿ ಹೊದ್ದ ಹೋರಾಟಗಾರರು ಸೇರಿದ್ದಾರೆ, ಊರು ಹಿಡಿಯುತ್ತಾರಂತೆ ಎಂಬ ಸುದ್ದಿ ಬಂದದ್ದೇ ತಡ, ಒಳಾಡಳಿತ ಮಂತ್ರಿ ವಿರೂಪಾಕ್ಷಗೌಡರಿಗೆ ಒಲೆಹೊತ್ತೆಂದರೆ ನಡುಕ ಹತ್ತಿತು. ಗೋಪುರ ಇಳಿದಾಗಲೇ ಅವರು ನುಗ್ಗಿದರೆ? ಒಲೆಹೊತ್ತನ್ನು ದಿನಬಿಟ್ಟು ದಿನ ಮಾಡಿದರು, ಆಮೇಲೆ ವಾರಕ್ಕೊಮ್ಮೆ. ಕುಳ್ಳಿಲ್ಲದ ಮನೆಗಳಲ್ಲಿ ಒಲೆ ಆರಿತು, ಆಮೇಲೆ ಓಣಿ ಓಣಿಗಳೇ ಆರಿದವು. ಹಸಿ ಹಿಟ್ಟು ಕಲಸಿ ಮಕ್ಕಳಿಗೆ ಕೊಟ್ಟವರುಂಟು. ಹೆಣ ಸುಡಲು ಬೆಂಕಿಯಿಲ್ಲದೆ ಸ್ಮಶಾನದಲ್ಲಿ ಸರದಿ ನಿಂತವರುಂಟು.

ಆಗ ಊರಬಾಗಿಲಿಗೆ ಒಂದು ಕೈಗಾಡಿ ಬಂತು. ಅದರ ತುಂಬ ಕೆಂಡ. ತಳ್ಳುವವನ ಹೆಗಲ ಮೇಲೆ ಕರಿಕಂಬಳಿ. ಬಾಗಿಲ ಕಾವಲುಗಾರರು ಅವನ ಮೈ ತಡಕಿದರು, ಗಾಡಿಯ ಕೆಳಗೆ ಬಗ್ಗಿದರು. ಬಂದೂಕಿಲ್ಲ, ಕತ್ತಿಯಿಲ್ಲ; ಕೆಂಡ, ಇಕ್ಕಳ, ಒಂದು ಊದುಗೊಳವೆ. ಕೆಂಡ ತಂದವನನ್ನು ತಡೆಯುವುದುಂಟೇ? ಬಿಟ್ಟರು. ಮಂತ್ರಿಗಳು ಕೇಳಿದ್ದರೂ ಬಿಡುತ್ತಿದ್ದರು. ಅವರ ಬಂಗಲೆಯ ಒಲೆಯೂ ಆರಿತ್ತು. ಒಂದು ಗಾಡಿ ಹತ್ತಾಯಿತು, ಹತ್ತು ನೂರಾಯಿತು. ಯುಗಾದಿಯ ಹೊತ್ತಿಗೆ ಓಣಿಗೊಂದು ಗಾಡಿ. ಬಿಡಿಗಾಸು ಇಸಕೊಳ್ಳದೆ ಒಲೆ ಹಚ್ಚಿ ಹೋಗುವವರನ್ನು ಜನ ಮನೆಮಗನೆಂದರು.

ಗುರುಬಸವ್ವನ ಓಣಿಗೆ ಬರುತ್ತಿದ್ದವನು ಯಮನೂರ. ಎತ್ತರದ ಆಳು, ನಕ್ಕರೆ ಓಣಿಯ ಹೆಂಚು ಅದುರಬೇಕು.

“ಯವ್ವಾ, ಕೆಮ್ಮು ಕಮ್ಮಿ ಆತೇನ?” ಎನ್ನುತ್ತ ಆ ದಿನ ಬೆಳಿಗ್ಗೆ ಸೀದಾ ಅಡುಗೆಮನೆಗೆ ಬಂದ.

“ಕೆಮ್ಮು ಕಮ್ಮಿ ಆದ್ರ ನಿನ್ನ ಯಾಕ ಕರೀತಿದ್ನೋ? ಊದಾಕ ಉಸರ ಸಾಲವಲ್ದು. ನೀನ ಊದಿ ಹಚ್ಚು. ಹಚ್ಚಿ ಎರಡ ರೊಟ್ಟಿ ತಿಂದ ಹೋಗು.”

ಯಮನೂರ ತನ್ನ ಊದುಗೊಳವೆಯನ್ನು ಗೋಡೆಗೆ ಆನಿಸಿಟ್ಟು, ಒಲೆಯ ಬದಿಯಲ್ಲಿದ್ದ ಅವಳದನ್ನೇ ಎತ್ತಿಕೊಂಡು ಊದಿದ. ಎಂಥ ಉಸಿರು! ಒಲೆ ಹತ್ತಿತಷ್ಟೇ ಅಲ್ಲ, ಮೂರು ಮನೆಯಾಚೆಗಿನ ಒಲೆಯ ಬೂದಿಯೂ ಎದ್ದು ಕೂತಿರಬೇಕು. ಊದಿದ್ದನ್ನೂ ಗೋಡೆಗೇ ಆನಿಸಿ ರೊಟ್ಟಿ ತಿಂದ, ಕೈ ತೊಳೆದ, ಗೋಡೆಯ ಬಳಿಯ ಎರಡರಲ್ಲಿ ಒಂದು ಗೊಳವೆ ಎತ್ತಿಕೊಂಡು ಹೋದ. ಮಹಾನಂದಾ ಜಡೆ ಹೆಣೆಯುತ್ತ ಇದನ್ನೆಲ್ಲ ನೋಡಿದಳು. ನೋಡಿಯೂ ಏನೂ ಕಾಣಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆ ಒಲೆಯ ಮುಂದೆ ಕೂತು ಬೈಯುತ್ತಿದ್ದಳು.

“ಎಂಥಾ ಊದುಗೊಳವಿ ಬಿಟ್ಟ ಹೋಗ್ಯಾನ ನೋಡ ಮಾನಂದಾ ಆ ಯಮನೂರ! ನಂದ ತಗೊಂಡ ಹೋಗಿ ಇದನ್ನ ಇಟ್ಟಾನ. ಒನಕಿಯಷ್ಟ ಭಾರ. ಈ ಕಡಿಯಿಂದ ಊದೀನಿ, ಗಾಳಿನ ಹೊಂಡವಲ್ದು. ಈಗ ತಿರುವಿ ಹಿಡದೀನಿ...”

ಗೊಳವೆಯ ಒಂದು ತುದಿ ಗುರುಬಸವ್ವನ ತುಟಿಯ ಮೇಲಿತ್ತು, ಇನ್ನೊಂದು ತುದಿ ಕೆಂಡದೊಳಗೆ. ಆ ತುದಿಯಿಂದ ಒಂದು ಹನಿ ಮೇಣ ಕರಗಿ ಕೆಂಡದ ಮೇಲೆ ಬಿದ್ದು ಚಿಟಿಕ್ಕೆಂದಿತು.

ಊದುಗೊಳವೆಗೆ ಮೇಣ ಯಾಕೆ?

ಮಹಾನಂದಾ ಯೋಚಿಸಲಿಲ್ಲ. ಹಾರಿ ಬಂದು ಗೊಳವೆಯನ್ನು ಕಿತ್ತುಕೊಂಡು ನೀರಿನ ಹಂಡೆಯ ಬದಿಗೆ, ಒದ್ದೆ ನೆಲದ ಮೇಲೆ ಒಗೆದಳು. ಅದು ಉರುಳಿ ಗೋಡೆಗೆ ಬಡಿದು ನಿಂತಿತು.

ಗೊಳವೆಯ ಒಂದು ತುದಿ ಕಬ್ಬಿಣದಿಂದಲೇ ಮುಚ್ಚಿತ್ತು. ಅದರ ಹತ್ತಿರ ಸೂಜಿ ಹೋಗುವಷ್ಟು ತೂತು, ಅದಕ್ಕೆ ಮೇಣ. ಗುರುಬಸವ್ವ ಬಾಯಿಟ್ಟಿದ್ದ ತುದಿಗೆ ಒಣಗಿದ ಮಣ್ಣಿನ ಬಿರಡೆ. ಮಹಾನಂದಾ ತಲೆಪಿನ್ನು ತೆಗೆದು ಮೇಣದ ತೂತಿಗೆ ಚುಚ್ಚಿದಳು. ಕರಿ ಪುಡಿ ಅಂಗೈಗೆ ಉದುರಿತು. ಗಂಧಕದ ವಾಸನೆ. ಪುಡಿಯ ಮುಂದೆ ಗುಂಡು ಇರಲೇಬೇಕು.

ಗೋಪುರ ಕಟ್ಟಿದ ವಿಜ್ಞಾನಿಗಳು ಲೋಕದಲ್ಲಿದ್ದ ಹೊಸ ಬಂದೂಕುಗಳನ್ನೆಲ್ಲ ತಂದು ಅದರಡಿ ಹಾರಿಸಿ ನೋಡಿದ್ದರು, ಒಂದೂ ಹಾರಿರಲಿಲ್ಲ. ಮುತ್ತಜ್ಜನ ಮುತ್ತಜ್ಜ ಕೆಂಡ ತಾಗಿಸಿ ಹಾರಿಸುತ್ತಿದ್ದ ನಳಿಗೆ ಬಂದೂಕು ಯಾರ ನೆನಪಿಗೂ ಬಂದಿರಲಿಲ್ಲ. ಕೆಂಡಕ್ಕೆ ಗೋಪುರದ ಹಂಗಿಲ್ಲ. ಇಡೀ ಊರಿನಲ್ಲಿ ಹಾರುವ ಬಂದೂಕು ಇದೊಂದೇ ಜಾತಿ. ಓಣಿಗೊಂದರಂತೆ ಅದು ಊರೊಳಗೆ ಬಂದಾಗಿತ್ತು. ನಾವೇ ರೊಟ್ಟಿ ಕೊಟ್ಟು ಕರೆದುಕೊಂಡಿದ್ದೆವು.

“ಅತ್ತೀ, ಇದನ್ನ ಮುಟ್ಟಬ್ಯಾಡ್ರಿ. ಒಲಿ ಹತ್ರ ಒಯ್ಯಬ್ಯಾಡ್ರಿ. ಇದು ಬಂದೂಕ.”

“ಬಂದೂಕ? ನಾ ಮುಂಜಾನಿಂದ ಬಂದೂಕಿಗೆ ಮುತ್ತ ಕೊಡಾಕತ್ತೀನೇನ?” ಗುರುಬಸವ್ವ ಸೆರಗಿನಿಂದ ತುಟಿ ಒರೆಸಿಕೊಂಡಳು.

ಮಂತ್ರಿಗಳಿಗೆ ಫೋನು ಮಾಡಿದಳು. ಉಪಾಯ ಒಂದೇ ಇತ್ತು: ಗೋಪುರ ಇಳಿಸಬೇಕು. ಇಳಿದರೆ ಶಸ್ತ್ರಾಗಾರದ ಬಂದೂಕುಗಳಿಗೆ ಜೀವ ಬರುತ್ತದೆ. ಅವುಗಳ ಮುಂದೆ ಈ ನಳಿಗೆಗಳು ಆಟದ ಸಾಮಾನು.

“ಇಂಜಿನಿಯರ ಬಾಯಾರ, ನಿಮಗ ತಲಿ ಸರಿ ಐತೇನ್ರೀ?” ವಿರೂಪಾಕ್ಷಗೌಡರ ಧ್ವನಿ ಕೀರಲಾಗಿತ್ತು. “ಆ ಗೋಪುರ ಐತಂತ ನಾವು ಅದೀವಿ. ಅದನ್ನ ಇಳಸ್ರಿ ಅಂತೀರಲ್ಲ? ಸಂಪುಟದ ಒಪ್ಪಿಗಿ ಬೇಕು, ಅಧ್ಯಕ್ಷರ ಸಹಿ ಬೇಕು. ಒಂದ ಊದುಗೊಳವಿಗೆ ಹೆದರಿ ಸರ್ಕಾರ ನಡಸೂಣೇನು?”

“ಸಾಹೇಬ್ರ, ನಿಮ್ಮ ಬಂಗಲೆಗೂ ಗಾಡಿ ಬರ್ತೈತಲ್ರೀ? ಆ ಗೊಳವಿ ಒಂದಿಷ್ಟ ಊದಿಸಿ ನೋಡ್ರಿ.”

“ನಾ ಮಂತ್ರಿ, ಅಡಗಿಯವ ಅಲ್ಲ!” ಫೋನು ಇಟ್ಟರು.

ಅವಳು ಶಸ್ತ್ರಾಗಾರಕ್ಕೆ ಓಡಿದಳು. ರುದ್ರಮುನಿ ಅವಳ ಮಾತನ್ನು ನಡುವೆ ತಡೆಯದೆ ಕೇಳಿದ. ಅವ್ವನ ತುಟಿಯ ಮೇಲೆ ಬಂದೂಕಿನ ಬಾಯಿ ಇತ್ತೆಂದಾಗ ಅವನು ಎದ್ದು ಟೋಪಿ ಹಾಕಿಕೊಂಡ.

“ಸಹಿ ಕಾಯ್ಕೋತ ಕುಂದ್ರೂದ ಬ್ಯಾಡ. ನೀ ಹೋಗಿ ಇಳಸು. ನಾ ಹುಡುಗರನ್ನ ಕರಕೊಂಡ ಗುಡ್ಡದ ಅಂಗಳಕ್ಕ ಬಂದ ನಿಂತಿರ್ತೀನಿ. ಇಳದದ್ದಕ್ಕ ಗಂಟಿ ತಾನ ಹೊಡೀತದಲ್ಲ, ಹೊಡದ ಕೂಡ್ಲೇ ಒಳಗ ಬರ್ತೀವಿ.”

“ಖರೇ ಬರ್ತೀರಿಲ್ರೀ?”

“ಇದೆಂಥಾ ಮಾತು ಕೇಳ್ತಿ?”

ಗುಡ್ಡದ ಮೆಟ್ಟಿಲು ಆ ದಿನ ಆಕಾಶದವರೆಗೆ ಬೆಳೆದಿದ್ದವು. ಏದುಸಿರು ಬಿಡುತ್ತ ನಿಯಂತ್ರಣ ಕೋಣೆಯ ಬಾಗಿಲು ತಳ್ಳಿದಳು. ಒಳಗೆ ಅವಳ ಕುರ್ಚಿಯಲ್ಲಿ ಯಮನೂರ ಕೂತು ಚಹಾ ಕುಡಿಯುತ್ತಿದ್ದ. ಕಾಲ ಬಳಿ ಕೆಂಡದ ಕುಡಿಕೆ, ತೊಡೆಯ ಮೇಲೆ ಊದುಗೊಳವೆ. ಕೋಣೆಯ ಚಹಾದ ಒಲೆಗೂ ದಿನಾ ಕೆಂಡ ತರುತ್ತಿದ್ದವನು ಅವನೇ ಅಲ್ಲವೇ; ಬಾಗಿಲಿನವನು ನಮಸ್ಕಾರ ಮಾಡಿಯೇ ಒಳಗೆ ಬಿಟ್ಟಿದ್ದ.

“ಬಾ ಯಕ್ಕಾ. ದಾರಿ ನೋಡಾಕತ್ತಿದ್ದೆ.”

ಫೋನು ರಿಂಗಾಯಿತು. “ತಗೊ, ನಿನಗ,” ಎಂದ.

“ಬಾಯಾರ...” ವಿರೂಪಾಕ್ಷಗೌಡರೇ. ಈಗ ಧ್ವನಿ ಕೀರಲಾಗಿಯೂ ಉಳಿದಿರಲಿಲ್ಲ. “ಇಲ್ಲಿ ನಮ್ಮ ಮುಂದ ಒಬ್ಬಾಂವ ನಿಂತಾನ. ಅಧ್ಯಕ್ಷರ ಮುಂದನೂ ಒಬ್ಬಾಂವ ಅದಾನಂತ. ಅವರು ಹೇಳಿದಂಗ ಕೇಳ್ರೀ.”

ಅವಳು ಫೋನು ಇಟ್ಟಳು. ಹಿಡಿ ಅವಳ ಬಲಗೈಗೆ ಎಟುಕುವಷ್ಟೇ ದೂರದಲ್ಲಿತ್ತು. “ಗೋಪುರ ಇಳಸಬೇಕೇನ? ಬೆಟ್ಟದಿಂದ ನಿಮ್ಮ ಮಂದಿ ಬರಬೇಕಲ್ಲ?”

ಯಮನೂರ ನಕ್ಕ. ಗಾಜಿನ ಮೀಟರುಗಳೆಲ್ಲ ಝಣಗುಟ್ಟಿದವು. “ಅಯ್ಯ ಇಲ್ಲ ಯಕ್ಕಾ! ಇಳಸಬ್ಯಾಡ. ಒಟ್ಟ ಇಳಸಬ್ಯಾಡ. ಇನ್ನ ಮ್ಯಾಲೆ ಒಲೆಹೊತ್ತ ಇಲ್ಲ. ಇದು ಇಷ್ಟ ಛಲೋ ಗೋಪುರ, ಇಂಥಾದ್ದನ್ನ ಯಾರರೆ ಇಳಸ್ತಾರೇನು? ಯಾರ ಬಂದೂಕೂ ಹಾರೂದ ಬ್ಯಾಡ. ನಮ್ಮವು ಹಾರ್ತಾವ, ಅಷ್ಟ ಸಾಕು. ಯಾರ ಮನ್ಯಾಗೂ ಬೆಂಕಿ ಹುಟ್ಟೂದ ಬ್ಯಾಡ. ನಾವು ತಂದ ಕೊಡ್ತೀವಿ. ಆ ಹಿಡಿಗೆ ಬೀಗ ಹಾಕ್ತೀವಿ, ಕೀಲಿ ಕೊಡು.”

ಅವಳಿಗೆ ಆಗ ಅರ್ಥವಾಯಿತು. ಇಷ್ಟು ದಿನ ಸರ್ಕಾರ ಬಾಗಿಲು ಮುಚ್ಚಿ ಹೆದರಿದ್ದು ತಪ್ಪು ದಿಕ್ಕಿಗೆ. ದಂಡಿಗೆ ಗೋಪುರವನ್ನು ಕೆಡವುವ ಮನಸ್ಸೇ ಇರಲಿಲ್ಲ. ಅವರಿಗೆ ಬೇಕಾದದ್ದು ಗೋಪುರವೇ.

“ಕೊಡಲಿಲ್ಲಂದ್ರ?”

ಅವನ ಮುಖದಿಂದ ನಗು ಹೋಯಿತು. ಗೊಳವೆ ಎತ್ತಿ ಅವಳ ಎದೆಗೆ ಗುರಿ ಹಿಡಿದ, ಇನ್ನೊಂದು ಕೈಯಲ್ಲಿ ಇಕ್ಕಳದಿಂದ ಕೆಂಡ ತೆಗೆದ. “ನಿಮ್ಮ ಮನಿ ರೊಟ್ಟಿ ತಿಂದೀನಿ. ಒಲ್ಲದ ಕೆಲಸ ಮಾಡಸಬ್ಯಾಡ ಯಕ್ಕಾ.”

ಗೊಳವೆಯ ಬಾಯಿ ಕರ್ರಗೆ ಅವಳನ್ನೇ ನೋಡುತ್ತಿತ್ತು. ಅದಕ್ಕೆ ಮಣ್ಣಿನ ಬಿರಡೆ ಇರಲಿಲ್ಲ. ಅಂಚಿಗಿಂತ ನಾಲ್ಕು ಬೆರಳು ಈಚೆಗೆ, ಸಾಲಾಗಿ ಚುಕ್ಕೆ ಹೊಡೆದ ಅಕ್ಷರಗಳು. ಮನೆಯ ಚೊಂಬು, ತಾಟು, ಹಂಡೆ, ಕಡೆಗೆ ಒಲೆಯ ಇಕ್ಕಳದ ಮೇಲೂ ಕೊರೆಸಿಟ್ಟ ಹೆಸರು. ಪಾತ್ರೆಯ ಮೇಲೆ ಹೆಸರು ಹಾಕಿಸದಿದ್ದರೆ ಮದುವೆಮನೆಗೆ ಎರವಲು ಹೋದದ್ದು ತಿರುಗಿ ಬರುವುದಿಲ್ಲ ಎಂಬುದು ಅತ್ತೆಯ ನಂಬಿಕೆ. ಮನೆಯ ಬೆಕ್ಕೊಂದೇ ಆ ಹೆಸರು ಕೊರೆಯುವ ಚಾಣದಿಂದ ತಪ್ಪಿಸಿಕೊಂಡು ಓಡಿತ್ತು.

ಗುರುಬಸವ್ವ ಹೊಸೂರ.

ಮಹಾನಂದಾ ಕೈ ಚಾಚಿ ಹಿಡಿಯನ್ನು ಕೆಳಗೆ ಎಳೆದಳು.

ಗೋಪುರದ ಗುಂಯ್ ಎನ್ನುವ ಸದ್ದು ಇಳಿಯುತ್ತ ಇಳಿಯುತ್ತ ನಿಂತೇಹೋಯಿತು. ಯಮನೂರ ಹಲ್ಲು ಕಚ್ಚಿ ಕೆಂಡವನ್ನು ಗೊಳವೆಗೆ ತಂದ. ತೂತು ಹುಡುಕಿದ. ತಿರುಗಿಸಿ ಹುಡುಕಿದ. ಒನಕೆಯನ್ನೂ ಕಡ್ಡಿಯಂತೆ ಎತ್ತುವ ಆ ತೋಳಿಗೆ ತೂಕದ ವ್ಯತ್ಯಾಸ ತಿಳಿದಿರಲಿಲ್ಲ. ಕಡೆಗೆ ಗೊಳವೆಯನ್ನು ಕಣ್ಣಿಗೆ ಹಿಡಿದ. ಆ ತುದಿಯಲ್ಲಿ ಮಹಾನಂದಾ ದುಂಡಗೆ ಕಾಣಿಸಿದಳು.

“ಅದು ನಮ್ಮ ಅತ್ತೀದು,” ಎಂದಳು. “ಊದಾಕಷ್ಟ ಬರ್ತೈತಿ.”

ಗಂಟೆ ಹೊಡೆಯಿತು. ಊರಿನ ಮೇಲೆಲ್ಲ ಹೊಡೆಯಿತು. ಅವಳು ಕಿಟಕಿಗೆ ಹೋದಳು. ಅಂಗಳದಲ್ಲಿ ರುದ್ರಮುನಿ ನಿಂತಿದ್ದ, ಹಿಂದೆ ಅವನ ಕಾವಲುಗಾರರು, ಎಲ್ಲರ ಕೈಯಲ್ಲೂ ಬಂದೂಕು. ಈಗ ಹಾರುವ ಬಂದೂಕು. ಅಂಗಳದ ಇನ್ನೊಂದು ಬದಿಯಲ್ಲಿ ಕಂಬಳಿ ಹೊದ್ದ ನಾಲ್ಕಾರು ಮಂದಿ ಗಾಡಿಗಳ ಪಕ್ಕ ಗೊಳವೆ ಹಿಡಿದು ನಿಂತಿದ್ದರು. ಒಂದು ಮಾತು ಸಾಕಿತ್ತು.

ರುದ್ರಮುನಿ ಬಂದೂಕು ಎತ್ತಿದ. ಭುಜಕ್ಕೆ ಆನಿಸಿದ. ಗಾಡಿಯವರಲ್ಲಿ ಒಬ್ಬ, ಶಸ್ತ್ರಾಗಾರದ ಓಣಿಗೆ ದಿನಾ ಕೆಂಡ ತರುತ್ತಿದ್ದವನು, ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಗೊಳವೆಯನ್ನು ಎತ್ತಲೂ ಇಲ್ಲ.

ಆ ಅಂಗಳದಲ್ಲಿ ಇರುವೆ ನಡೆದರೆ ಬೂಟಿನ ಸದ್ದು ಕೇಳುತ್ತಿತ್ತು.

ಹಿಂದಿನ ಸಾಲಿನ ಒಬ್ಬ ಕಾವಲುಗಾರ ಬಂದೂಕನ್ನು ಕಂಕುಳಿಗೆ ಸಿಕ್ಕಿಸಿ, ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು, ಕಡ್ಡಿ ಗೀರಿದ. ಹತ್ತಿತು. ಬೀಡಿ ಹಚ್ಚಿಕೊಂಡ. ಪಕ್ಕದವನು ತನ್ನ ಬೀಡಿಯನ್ನು ಅದಕ್ಕೆ ತಾಗಿಸಿದ. ರುದ್ರಮುನಿಯ ಬಂದೂಕು ಮೆಲ್ಲಗೆ ಕೆಳಗಿಳಿಯಿತು. ಅವನು ಕಿಟಕಿಯ ಕಡೆ ನೋಡಲಿಲ್ಲ.

“ನಿನ್ನ ಗಂಡ ಕೆಟ್ಟವ ಅಲ್ಲ,” ಎಂದ ಯಮನೂರ ಅವಳ ಬೆನ್ನ ಹಿಂದಿನಿಂದ. ದನಿಯಲ್ಲಿ ಕುಹಕವಿರಲಿಲ್ಲ, ಅದೇ ಹೆಚ್ಚು ಉರಿಯಿತು. “ಅವರ ಮಕ್ಕಳು ಹಸಿ ಹಿಟ್ಟ ತಿಂದಾಗ ಸರ್ಕಾರ ಎಲ್ಲಿತ್ತು? ಒಲಿ ಹಚ್ಚಿದ ಕೈ ಮ್ಯಾಲೆ ಯಾರ ಗುಂಡ ಹಾರಸ್ತಾರ? ನಾವು ಇವತ್ತ ಊರ ಹಿಡದೀವಿ ಅಂದ್ಕೊಂಡಿಯೇನ? ಮೊದಲನೇ ಗಾಡಿ ಬಂದ ದಿನನ ಹಿಡದಿದ್ವಿ.” ಗೊಳವೆಯನ್ನು ಮೇಜಿನ ಮೇಲಿಟ್ಟ. “ಈಗ ಏರಸು. ಗೋಪುರ ಇಳದಿದ್ದು ಬೆಟ್ಟದಾಗ ಗೊತ್ತಾದ್ರ ನಮ್ಮ ಹುಡುಗರು ಖರೇ ಬಂದೂಕ ತಗೊಂಡ ಇಳೀತಾರ. ಅವರು ನನ್ನಂಗ ಮಾತಾಡೂದಿಲ್ಲ.”

ಅವಳು ಅಂಗಳವನ್ನು ಇನ್ನೊಮ್ಮೆ ನೋಡಿದಳು. ಬೀಡಿಯ ಹೊಗೆ ನೆಟ್ಟಗೆ ಮೇಲೇರುತ್ತಿತ್ತು. ಹಿಡಿಯನ್ನು ಎರಡೂ ಕೈಯಲ್ಲಿ ಮೇಲೆತ್ತಿದಳು. ಕೀಲಿ ಮೇಜಿನ ಮೇಲಿಟ್ಟು, ಅತ್ತೆಯ ಊದುಗೊಳವೆ ತೆಗೆದುಕೊಂಡು ಮನೆಗೆ ನಡೆದಳು.

ಮರುದಿನ ಬೆಳಿಗ್ಗೆ ಹೊಸ ಸರ್ಕಾರದ ಮೊದಲ ಡಂಗುರ. ಡೋಲಿನವನ ಗಂಟಲು ಏಳು ಹಳ್ಳಿಗೆ ಕೇಳುವಂಥದ್ದು: ಕೆಂಡ ದಂಡಿನ ಗಾಡಿಯಿಂದಲೇ ತೆಗೆದುಕೊಳ್ಳತಕ್ಕದ್ದು, ಮನೆಯಿಂದ ಮನೆಗೆ ಕೊಡತಕ್ಕದ್ದಲ್ಲ, ಕೊಟ್ಟ ಮನೆಯ ಒಲೆಗೆ ನೀರು ಹೊಯ್ಯಲಾಗುವುದು. ಓಣಿಯ ತುದಿಯಲ್ಲಿ ಕಂಬಳಿಯವನೊಬ್ಬ ಕಾವಲು ನಿಂತ. ಯಮನೂರನಲ್ಲ, ಅವನು ಈಗ ಮಂತ್ರಿಗಳ ಬಂಗಲೆಯಲ್ಲಿದ್ದ, ತಾನು ಬಿಟ್ಟುಹೋದ ಗೊಳವೆ ಕೇಳಲು ಯಾರನ್ನೂ ಕಳಿಸಿರಲಿಲ್ಲ.

ಗುರುಬಸವ್ವ ಡಂಗುರವನ್ನು ಪೂರ್ತಿ ಕೇಳಿದಳು. ಆಮೇಲೆ ಬೀದಿಬಾಗಿಲಿಗೆ ಹೋಗಿ, ಎದುರುಮನೆಗೆ ಕೇಳುವಂತೆ ಕೂಗಿದಳು.

“ಹುಸೇನಬೀ! ನಿಮ್ಮ ಒಲಿ ಆರೇತೇನ?”

“ಆರೇತ ಯಕ್ಕಾ,” ಎಂದಳು ಹುಸೇನಬಿ ಅಳುಕುತ್ತ. “ಇರ್ಲಿ ಬಿಡು, ಗಾಡಿ ಬರ್ಲಿ.”

“ಗಾಡಿ ಯಾಕ ಬರ್ಲಿ? ನಾ ಏನ ಸತ್ತೀನೇನ?”

“ಅವ್ವಾ, ಬ್ಯಾಡ,” ಎಂದ ರುದ್ರಮುನಿ. ನಿನ್ನೆಯಿಂದ ಅವನು ಆಡಿದ ಮೊದಲ ಮಾತು ಅದು.

ಅವ್ವ ಮಗನನ್ನು ನೋಡಿದಳು, ಬೈಯಲಿಲ್ಲ. ಹಂಡೆಯ ಹಿಂದಿನಿಂದ ಆ ಭಾರದ ಗೊಳವೆಯನ್ನು ತೆಗೆದು, ಮೇಣದ ತೂತಿಗೆ ಹೊಸ ಮೇಣ ಹಚ್ಚಿದ್ದು ಗಟ್ಟಿಯಾಗಿದೆಯೇ ಎಂದು ಉಗುರಿನಿಂದ ಮುಟ್ಟಿ ನೋಡಿದಳು. ಪುಡಿ ಉದುರದಂತೆ ರಾತ್ರಿಯೇ ಹಚ್ಚಿಟ್ಟಿದ್ದಳು. ಹೊಸ್ತಿಲ ಮೇಲೆ ಕೂತು, ಅದನ್ನು ತೊಡೆಯ ಮೇಲಿಟ್ಟು ಬಾಯಿಯನ್ನು ಬೀದಿಯ ಕಡೆ ತಿರುಗಿಸಿದಳು. ಪಕ್ಕದಲ್ಲಿ ಇಕ್ಕಳ, ಇಕ್ಕಳದಲ್ಲಿ ಒಂದು ಕೆಂಡ.

“ನಿನ್ನೆ ಇದನ್ನ ಭಾಳ ಬೈದೆ ಮಾನಂದಾ, ಊದೂದಿಲ್ಲಂತ. ಬೈಬಾರದಿತ್ತು.”

ಮಹಾನಂದಾ ಚಿಪ್ಪಿನಲ್ಲಿ ಕೆಂಡ ತುಂಬಿಕೊಂಡು ಅತ್ತೆಯನ್ನು ದಾಟಿ ಬೀದಿಗೆ ಇಳಿದಳು. ಓಣಿಯ ತುದಿಯ ಕಂಬಳಿಯವನು ತಿರುಗಿ ನೋಡಿದ. ಹಿಂದೆ ಮನೆಯೊಳಗೆ ರುದ್ರಮುನಿ ಎದ್ದ ಸದ್ದು ಕೇಳಿತು. ಎದ್ದು ಎಲ್ಲಿಗೆ ಬಂದ ಎಂದು ಅವಳು ತಿರುಗಿ ನೋಡಲಿಲ್ಲ. ಎದುರುಮನೆಗೆ ಹತ್ತು ಹೆಜ್ಜೆಯಷ್ಟೇ ದಾರಿ. ಕೆಂಡ ಆರದ ಹಾಗೆ ಊದುತ್ತ ನಡೆದಳು.